ಲಗಮಣ್ಣ ಹಿಡಿದ ಚುಕ್ಕಾಣಿ

ಶನಿವಾರ ಮುಂಜಾನೆ ಆರೂವರೆಗೆ ಧಾರವಾಡ ಬಿಟ್ಟ ಬಸ್ಸು ಗೋಕಾಕಿಗೆ ಬಂದು ನಿಂತಾಗ ಒಂಬತ್ತು ದಾಟಿತ್ತು. ದೀಪಾವಳಿ ಮುಗಿದು ವಾರವಾಗಿತ್ತು. ಬಿಸಿಲು ಮೈಗೆ ಹಿತವಾಗಿತ್ತು. ನಿಲ್ದಾಣದ ಕ್ಯಾಂಟೀನಿನ ಮುಂದೆ ನಮ್ಮ ಕಾಕಾನ ಮಗಳು ಸುಲೋಚನಾ ನಿಂತಿದ್ದಳು, ರಜೆಯ ದಿನವೂ ಕೊರಳಲ್ಲಿ ಸೀಟಿ ಹಾಕಿಕೊಂಡು. ಹುಕ್ಕೇರಿಯ ಕಾಲೇಜೊಂದರಲ್ಲಿ ಹುಡುಗಿಯರಿಗೆ ರೋಯಿಂಗ್, ಅಂದರೆ ಹುಟ್ಟು ಹಾಕಿ ದೋಣಿ ಓಡಿಸುವ ಪಂದ್ಯ ಕಲಿಸುವವಳು ಅವಳು. ಇಪ್ಪತ್ತೆರಡು ವರ್ಷಗಳಿಂದ ಅದೇ ಅವಳ ಉಸಿರು. ಅವಳ ಹುಡುಗಿಯರನ್ನು ನೀರಿನ ಮೇಲೆ ಒಮ್ಮೆಯಾದರೂ ನೋಡಬೇಕೆಂದು ನಾನು ಹೊರಟಿದ್ದೆ.

"ಬಾ ಅಣ್ಣ, ಮೊದಲ ಇಡ್ಲಿ ತಿನ್ನು. ತಿಂದ ಮ್ಯಾಲೆ ಜಗಳಾ ಮಾಡಾಕ ಹೋಗೂದೈತಿ" ಎಂದಳು.

ಜಗಳ ಮೂಡಲಗಿಯಲ್ಲಿ ಇತ್ತು. ನಾಲ್ವರು ಹುಟ್ಟು ಹಾಕುವ ಅವಳ ದೋಣಿಯಲ್ಲಿ ಎಲ್ಲರಿಗೂ ಲಯ ಕೊಡುವವಳು ಕಸ್ತೂರಿ. ಹಬ್ಬಕ್ಕೆ ಮೂಡಲಗಿಗೆ ಹೋದವಳನ್ನು ಅವಳಪ್ಪ ತಿರುಗಿ ಕಳಿಸಿರಲಿಲ್ಲ. ಮುಂದಿನ ವಾರವೇ ವಿಶ್ವವಿದ್ಯಾಲಯ ತಂಡದ ಆಯ್ಕೆ. ಕಸ್ತೂರಿಗೆ ಇದು ಕಾಲೇಜಿನ ಕಡೆಯ ವರ್ಷ, ಮತ್ತೊಂದು ಅವಕಾಶವಿಲ್ಲ. ಅವಳಿಲ್ಲದೆ ಉಳಿದವರೂ ಹೋಗುವಂತಿಲ್ಲ.

ಮೂಡಲಗಿ ಬಸ್ಸಿನ ಕಂಡಕ್ಟರ್ ನಲವತ್ತರ ಆಸುಪಾಸಿನ ಹೆಣ್ಣುಮಗಳು. ಸುಲೋಚನಾಳನ್ನು ಕಂಡದ್ದೇ ಟಿಕೆಟ್ ಯಂತ್ರವನ್ನು ಬಗಲಿಗೆ ಸಿಕ್ಕಿಸಿ ಕಾಲು ಮುಟ್ಟಿದಳು.

"ಇವತ್ತ ಯಾರ ಮನಿಗೆ ದಾಳಿ ಮೇಡಂ?"

"ಅದಿರಲಿ. ಮೊದಲ ಬೆನ್ನ ನೆಟ್ಟಗ ಮಾಡು ಮಾದೇವಿ, ಗೂನಾಗಿ ನಿಂತೀ."

"ಬಸ್ಸಿನ್ಯಾಗೂ ಬಿಡಂಗಿಲ್ಲೇನ್ರಿ!"

ಸುತ್ತಲಿನವರೆಲ್ಲ ನಕ್ಕರು. ಸುಲೋಚನಾಳಿಗೆ ಹೆಂಗಸರ ಉಚಿತ ಟಿಕೆಟ್. ನಾನು ನಲವತ್ತು ರೂಪಾಯಿ ತೆತ್ತೆ. "ಏನ ಮಾಡ್ಲಿ ಕಾಕಾ, ಗಂಡಸ್ರು ಹುಟ್ಟ ಹಾಕಿದ್ರೂ ಪುಕ್ಕಟ ಇಲ್ರಿ" ಎಂದಳು ಮಾದೇವಿ. ಅವಳು ಸುಲೋಚನಾಳ ಮೊದಮೊದಲ ತಂಡದವಳು.

ಹಳೆಯ ಕಥೆಯನ್ನು ಒಬ್ಬರ ಬಾಯಿಂದೊಬ್ಬರು ಕಸಿದುಕೊಂಡು ಹೇಳಿದರು. ಸುಲೋಚನಾ ಕಾಲೇಜಿಗೆ ಸೇರಿದ್ದು ಕಬಡ್ಡಿ ಕಲಿಸಲು. ಊರ ಹತ್ತಿರವೇ ಹಿಡಕಲ್ ಜಲಾಶಯದಲ್ಲಿ ಇಷ್ಟೊಂದು ನೀರಿರುವಾಗ ಧೂಳಲ್ಲೇ ಏಕೆ ಆಡಬೇಕೆಂದು ಬೇಸಿಗೆಯ ರಜೆಯಲ್ಲಿ ಬೆಂಗಳೂರಿಗೆ ಹೋಗಿ ರೋಯಿಂಗ್ ಕಲಿತು ಬಂದಳು. ಹಳೆಯದೊಂದು ದೋಣಿಯನ್ನೂ ಗಿಟ್ಟಿಸಿದಳು. ಲಾರಿಗಿಂತ ಉದ್ದದ ಆ ದೋಣಿಯ ಬಾಲಕ್ಕೆ ಕೆಂಪು ಬಟ್ಟೆ ಕಟ್ಟಿ ತಂದಾಗ ಹುಕ್ಕೇರಿಯ ಜನ ಗಾಳಿಯಂತ್ರದ ರೆಕ್ಕೆಯೆಂದೇ ತಿಳಿದರಂತೆ. ಹುಡುಗಿಯರಿಗೆ ಈಜು ಕಲಿಸಿದ್ದು ತೋಟದ ಬಾವಿಯಲ್ಲಿ, ಸೊಂಟಕ್ಕೆ ಖಾಲಿ ಡಬ್ಬಿ ಕಟ್ಟಿ.

"ಮೊದಲನೇ ಪಂದ್ಯದಾಗ ನಾವು ಮುಟ್ಟೂದ್ರಾಗ ಕುರ್ಚಿ ಎತ್ತಿಡಾಕತ್ತಿದ್ರಿ!" ಎಂದು ಮಾದೇವಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾಲ್ಕನೆಯ ವರ್ಷ ಕಂಚು ಬಂತು, ಆಮೇಲೆ ಚಿನ್ನ. ಅವಳ ಹುಡುಗಿಯರು ರಾಜ್ಯದ ತಂಡದಲ್ಲೂ ಹುಟ್ಟು ಹಾಕಿದರು. ಈಗ ಕೆಲವರು ಪೊಲೀಸರು, ಕೆಲವರು ಶಿಕ್ಷಕಿಯರು. ಗೋಕಾಕಿನಿಂದ ಮೂಡಲಗಿಯ ಒಂದು ತಾಸಿನ ದಾರಿ ಕಳೆದದ್ದೇ ತಿಳಿಯಲಿಲ್ಲ.

ಕಸ್ತೂರಿಯ ಅಪ್ಪ ಲಗಮಣ್ಣ ಅಂಗಳದಲ್ಲಿ ಟ್ರ್ಯಾಕ್ಟರ್ ತೊಳೆಯುತ್ತಿದ್ದರು. ಕಡ್ಡಿಯಂಥ ಮೈ, ತಲೆಗೆ ಬಿಳಿ ಟೊಪ್ಪಿಗೆ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗೆ ಕಬ್ಬು ಸಾಗಿಸುವವರು. ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟು, ನಾವು ಕೇಳುವ ಮೊದಲೇ ಶುರುಮಾಡಿದರು.

"ಅಕ್ಕೋರ, ನಿಮ್ಮ ಮ್ಯಾಲೆ ನಂದೇನ ಸಿಟ್ಟಿಲ್ಲ. ಹಬ್ಬದಾಗ ನನ್ನ ತಮ್ಮ ಮೊಬೈಲ್ದಾಗ ದೋಣಿ ತೋರ್ಸಿದ. ನಾಕೂ ಮಂದಿ ಹೋಗೋ ದಾರಿಗಿ ಬೆನ್ನ ಮಾಡಿ ಕುಂತಾರ! ನಾ ಇಪ್ಪತ್ತ ವರ್ಷ ಎರಡೆರಡ ಟ್ರೇಲರ್ ಕಬ್ಬ ಹೊಡದೇನಿ. ಮುಂದ ನೋಡದ ಒಂದ ಮಾರು ಹೋಗಿಲ್ಲ. ನನ್ನ ಮಗಳು ಹಿಂದ ನೋಡ್ಕೋತ ಅಷ್ಟ ಜೋರ ಹೋಗೂದಂದ್ರ ಹೆಂಗ್ರಿ?"

"ಹುಟ್ಟ ಜಗ್ಗಬೇಕಂದ್ರ ಹಂಗ ಕುಂದರಬೇಕ್ರಿ. ಮುಂದ ನೋಡಾಕ ನಾಜನೀನ್ ಅದಾಳಲ್ಲ, ಚುಕ್ಕಾಣಿ ಹಿಡಿಯಾಕಿ."

"ನೋಡೇನಿ ಬಿಡ್ರಿ. ಮೊಳಕೈಯಷ್ಟ ಅದಾಳ!"

ಒಳಗಿನಿಂದ ಕಸ್ತೂರಿಯ ತಾಯಿ ಸತ್ತೆವ್ವ ಕೂಗಿದರು: "ಮುಂದ ನೋಡೂದ ಸಾಕು! ಹಿಂದ ನೋಡದ ಟ್ರ್ಯಾಕ್ಟರ್ ತಂದು ನನ್ನ ತುಳಸಿಕಟ್ಟಿ ಕೆಡವಿದ್ದ ಹೇಳ್ರಿ ಅಕ್ಕೋರಿಗೆ!"

ಲಗಮಣ್ಣ ಕೇಳಿಸಲಿಲ್ಲವೆಂಬಂತೆ ಗಾಲಿ ಒರೆಸಿದರು. ಕಸ್ತೂರಿ ಮಾತ್ರ ನಗಲಿಲ್ಲ. ನಮಗೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು ಬಡಿಸುವಾಗ ಹುಟ್ಟು ಜಗ್ಗಿ ದಡ್ಡುಗಟ್ಟಿದ ಅವಳ ಅಂಗೈಗಳು ಕಂಡವು. ಅಪ್ಪನ ತಾಟಿಗೆ ರೊಟ್ಟಿ ಹಾಕುತ್ತ, "ಅಪ್ಪಾ, ಇದೊಂದ ವರ್ಷ" ಎಂದಳು. ಲಗಮಣ್ಣ ರೊಟ್ಟಿ ಮುರಿದರು.

ಸುಲೋಚನಾ ಕೈ ತೊಳೆದು ಎದ್ದಳು. "ಮಾತ ಸಾಕ್ರಿ ಲಗಮಣ್ಣಾರ. ನಾಳೆ ಮಗಳನ್ನ ಕರ್ಕೊಂಡ ಹಿಡಕಲ್ಲಿಗೆ ಬರ್ರಿ. ನಾಜನೀನ್ ಜಾಗಾದಾಗ ನೀವ ಕುಂದರ್ರಿ, ದೋಣಿ ನೀವ ನಡಸ್ರಿ. ಆಮ್ಯಾಲೂ ಬ್ಯಾಡಂದ್ರ ನಾ ಮತ್ತ ನಿಮ್ಮ ಬಾಗಲಕ್ಕ ಬರಂಗಿಲ್ಲ."

ಸಂಜೆ ಗೋಕಾಕಿಗೆ ಮರಳಿ, ಅಲ್ಲಿಂದ ಬಸ್ಸು ಬದಲಿಸಿ ಹುಕ್ಕೇರಿಯ ಸುಲೋಚನಾಳ ಮನೆ ಸೇರಿದೆವು. ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ: "ಬರ್ತಾರಂತಿ ಅಣ್ಣ?"

ಬಂದರು. ಭಾನುವಾರ ಏಳಕ್ಕೆ ನಾವು ಹಿಡಕಲ್ಲಿನ ದಂಡೆಗೆ ಇಳಿಯುವಾಗ ಲಗಮಣ್ಣನ ಮೋಟರ್‌ಸೈಕಲ್ಲು ಆಗಲೇ ನಿಂತಿತ್ತು. ನೀರು ದಂಡೆಯ ಹುಲ್ಲಿನವರೆಗೂ ತುಂಬಿತ್ತು. ಅದರ ಮೇಲೆ ತೆಳ್ಳಗೆ ಮಂಜು. ಶರ್ಟಿನ ಮೇಲೆ ಜೀವರಕ್ಷಕ ಜಾಕೆಟ್ಟು ತೊಡಿಸುವಾಗ ಸುಲೋಚನಾ ಈಜು ಬರುತ್ತದೆಯೇ ಎಂದು ಕೇಳಿದಳು. "ಸಣ್ಣಾಂವಿದ್ದಾಗಿಂದ ಬಾವ್ಯಾಗ ಬಿದ್ದೇನ್ರಿ" ಎಂದರು. ದೋಣಿಯ ಹಿಂತುದಿಯಲ್ಲಿ ಅವರನ್ನು ಕೂರಿಸಿ, ಚುಕ್ಕಾಣಿಯ ಎರಡು ಹಗ್ಗ ಕೈಗೆ ಕೊಟ್ಟು, ಯಾವುದನ್ನು ಎಳೆದರೆ ಎತ್ತ ತಿರುಗುತ್ತದೆಂದು ನಾಜನೀನ್ ಹೇಳಿಕೊಟ್ಟಳು. ಎದುರಿಗೆ, ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರ, ಕಸ್ತೂರಿ ಕೂತಳು; ಅವಳ ಬೆನ್ನಿಗೆ ತಂಡದ ಉಳಿದ ಮೂವರು. ಸುಲೋಚನಾ, ನಾಜನೀನ್ ಮತ್ತು ನಾನು ಮೋಟಾರು ದೋಣಿಯಲ್ಲಿ ಪಕ್ಕಕ್ಕೆ ಸಾಗಿದೆವು.

ಮೊದಲ ನೂರು ಮಾರು ದೋಣಿ ಹಾವಿನಂತೆ ಹೊರಳಿತು. ಲಗಮಣ್ಣ ಟ್ರ್ಯಾಕ್ಟರ್ ತಿರುಗಿಸುವ ಹಾಗೆ ಹಗ್ಗ ಪೂರ್ತಿ ಎಳೆಯುತ್ತಿದ್ದರು. ವೇಗ ಏರುತ್ತಲೇ ಬಲಗಾಲಿನಿಂದ ದೋಣಿಯ ತಳ ಒದೆಯತೊಡಗಿದರು.

"ಬ್ರೇಕ್ ಎಲ್ಲೈತಿ?"

"ಬ್ರೇಕ್ ಇಲ್ಲಪಾ! ಒದೀಬ್ಯಾಡ!" ಎಂದು ಕಸ್ತೂರಿ ಕಿರುಚಿದಳು.

ತೆಪ್ಪದಲ್ಲಿ ಬಲೆ ಎಳೆಯುತ್ತಿದ್ದ ಮೀನುಗಾರನೊಬ್ಬ, "ಏ ಕಾಕಾ, ಕಬ್ಬ ಎಲ್ಲಿ ಇಳಸ್ತೀರಿ?" ಎಂದು ಕೂಗಿದ.

ನಿಧಾನಕ್ಕೆ ಕೈ ಹದಕ್ಕೆ ಬಂತು. ದೋಣಿ ನೆಟ್ಟಗಾಯಿತು. ನಾಲ್ಕು ಹುಟ್ಟುಗಳು ಒಟ್ಟಿಗೆ ನೀರಿಗೆ ಬಿದ್ದು ಒಟ್ಟಿಗೆ ಏಳುವ ಸದ್ದು ಕೇಳತೊಡಗಿತು. ಆಗಲೇ ಮಂಜಿನೊಳಗಿಂದ ಅರೆ ಮುಳುಗಿದ ಮರದ ಬೊಡ್ಡೆಯೊಂದು ಎದುರಿಗೆ ಬಂತು. ಸುಲೋಚನಾಳ ಕೈ ಸೀಟಿಗೆ ಹೋಯಿತು, ಆದರೆ ಊದಲಿಲ್ಲ. ಲಗಮಣ್ಣ ಆಗಲೇ ಹಗ್ಗ ಎಳೆದಿದ್ದರು. "ಬರ್ಲಿ, ಬರ್ಲಿ, ಜಗ್ರಿ ಬೇ!" ಎಂದು ಗಂಟಲು ಹರಿಯುವಂತೆ ಕೂಗಿದರು. ಬೊಡ್ಡೆ ಎರಡು ಮಾರು ದೂರದಲ್ಲಿ ಹಿಂದೆ ಸರಿಯಿತು. ನಾಲ್ವರಲ್ಲಿ ಒಬ್ಬಳೂ ಕತ್ತು ಹೊರಳಿಸಲಿಲ್ಲ, ಒಂದು ಹುಟ್ಟೂ ತಪ್ಪಲಿಲ್ಲ.

ದಂಡೆಗೆ ಬಂದ ಮೇಲೆ ಲಗಮಣ್ಣ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು. ಕಸ್ತೂರಿ ಹುಟ್ಟು ಹಿಡಿದು ನಿಂತೇ ಇದ್ದಳು. ಅವರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ಬೊಡ್ಡಿ ನನಗ ಕಂಡಿತ್ರಿ. ಆಕಿಗಿ ನನ್ನ ಮಾರಿ ಅಷ್ಟ ಕಂಡಿತ್ತು. ಅಂಜಲೇ ಇಲ್ಲ ನೋಡ್ರಿ ಹುಡುಗಿ."

ಆಮೇಲೆ ನಾಜನೀನಳನ್ನು ಕರೆದು, ಹೊಸ ಡ್ರೈವರನನ್ನು ಪರೀಕ್ಷಿಸುವ ಗತ್ತಿನಲ್ಲಿ ಕೇಳಿದರು. "ಕಣ್ಣ ಚಲೋ ಅದಾವೇನವಾ? ಆ ದಂಡಿ ಮ್ಯಾಲೆ ಎಮ್ಮಿ ಎಷ್ಟ ಅದಾವ ಹೇಳು."

ನಾಜನೀನ್ ಕಣ್ಣು ಕಿರಿದು ಮಾಡಿದಳು. "ಎಂಟು, ಕಾಕಾ."

"ಏಳವಾ."

"ಎಂಟು. ಒಂದ ನೀರಾಗೈತಿ, ಕೋಡಷ್ಟ ಕಾಣ್ತಾವ."

ಲಗಮಣ್ಣ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಎಂಟನೆಯದು ನೀರಿನಿಂದ ತಲೆ ಎತ್ತಿತು.

"ಅಕ್ಕೋರ, ಕಸ್ತೂರಿನ ಕರ್ಕೊಂಡ ಹೋಗ್ರಿ" ಎಂದರು. "ಆದ್ರ ಮುಂದ ನೋಡಾಕ ಈಕೀನ ಬೇಕು. ಮತ್ತ್ಯಾರೂ ಬ್ಯಾಡ."

ಹುಡುಗಿಯರು ಹೋ ಎಂದು ಅರಚಿದ್ದಕ್ಕೆ ದಂಡೆಯ ಬೆಳ್ಳಕ್ಕಿಗಳೆಲ್ಲ ಎದ್ದವು. ಸುಲೋಚನಾ ಮಾತ್ರ ಗಡಿಯಾರ ನೋಡಿ, "ಕುಣ್ಯೂದ ಸಾಕು, ಇನ್ನೊಂದ ಸುತ್ತು" ಎಂದು ಸೀಟಿ ಊದಿದಳು. ಊದುವಾಗ ಅವಳ ಕಣ್ಣು ತುಂಬಿದ್ದವು.

ಹತ್ತರ ಬಸ್ಸಿಗೆ ನಾನು ದಂಡೆ ಏರಿದೆ. ಮೇಲೆ ನಿಂತು ತಿರುಗಿ ನೋಡಿದರೆ ದೋಣಿ ನನ್ನಿಂದ ದೂರ ದೂರ ಹೋಗುತ್ತಿತ್ತು. ನಾಲ್ವರ ಮುಖ ಮಾತ್ರ ನನ್ನ ಕಡೆಗೇ ಇತ್ತು. ಕೈ ಬೀಸಿದೆ. ಯಾರೂ ತಿರುಗಿ ಬೀಸಲಿಲ್ಲ, ಎಲ್ಲರ ಕೈಯಲ್ಲೂ ಕೆಲಸವಿತ್ತು.