ಜಗಲಿಯ ಪ್ಲಾಸ್ಟಿಕ್ ಬಿಚ್ಚಿದಿರಾ?

ಕಳೆದ ಶನಿವಾರ ಮಧ್ಯಾಹ್ನ ನನ್ನ ತಮ್ಮ ಸುರೇಶ ನಮ್ಮ ಅಂಗಳದಲ್ಲಿ ಕುಣಿದ. ಚಂಡೆಯಿಲ್ಲ, ಮದ್ದಳೆಯಿಲ್ಲ. ಕೈಯೆರಡೂ ಮೇಲೆ, ಲುಂಗಿ ಒಂದು ಕಡೆ, ತಾನೊಂದು ಕಡೆ. ಕಾಫಿ ಲೋಟ ಹಿಡಿದು ಹೊರಬಂದ ನಾನು ಸಂಜೆಯ ಯಕ್ಷಗಾನದ ಆಟಕ್ಕೆ ಪ್ರಾಕ್ಟೀಸ್ ಇರಬೇಕು ಎಂದುಕೊಂಡೆ. ನಗುತ್ತಾ ನಿಂತೆ.

ಆಮೇಲೆ ಅವನು ಕಿರುಚಿದ. "ಅಕ್ಕಾ, ಕಣಜ! ಒಳಗೋಗೇ ಮಾರಾಯ್ತಿ!"

ಕಣಜ ಕಚ್ಚಿದ್ದು ಎರಡೇ ಕಡೆ. ಎಡಗಣ್ಣಿನ ರೆಪ್ಪೆ, ಕೆಳತುಟಿ. ಬೇರೆ ದಿನವಾಗಿದ್ದರೆ ಸುಣ್ಣ ಹಚ್ಚಿ ಮಲಗಬಹುದಿತ್ತು. ಆದರೆ ಅವತ್ತು?

ಸುರೇಶ ಸಾಗರ–ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್. ರಜೆ ಸಿಕ್ಕರೆ ಯಕ್ಷಗಾನ. ಇಷ್ಟು ವರ್ಷ ದೂತ, ಬಾಗಿಲು ಕಾಯುವವನು, ಹೀಗೆ ಬಂದು ಹಾಗೆ ಹೋಗುವ ಪಾತ್ರಗಳು. ಈ ಸಲ ಕೋಣಂದೂರಿನ ಆಟದಲ್ಲಿ ಮೊದಲ ಬಾರಿಗೆ ದೊಡ್ಡ ವೇಷ. ರಾಜಕುಮಾರನನ್ನು ಮರುಳು ಮಾಡಲು ಸುಂದರಿಯಾಗಿ ಬರುವ ರಾಕ್ಷಸಿ. ನಿಮಗೆ ಗೊತ್ತಲ್ಲ, ಇಂಥ ಪಾತ್ರಕ್ಕೆ ಇಬ್ಬರು ಬೇಕು. ಸುಂದರಿಯಾಗಿ ಬಳುಕುವವನೊಬ್ಬ, ಗುಟ್ಟು ರಟ್ಟಾದ ಮೇಲೆ ಹಲ್ಲು ಕಿರಿದು ಬರುವ ಘೋರರೂಪದವನೊಬ್ಬ. ನಮ್ಮವನು ಸುಂದರಿ. ಮೀಸೆ ಬೋಳಿಸಿದ್ದ. ಬಸ್ಸಿನಲ್ಲಿ ಟಿಕೆಟ್ ಕೊಡುವಾಗಲೂ ಸೊಂಟ ಬಳುಕುತ್ತಿತ್ತಂತೆ! ರವಿಕೆ ಹೊಲಿದವಳು ನಾನೇ. (ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹೊಲಿಗೆ ಒಂದು ಚೆನ್ನಾಗಿ ಬರುತ್ತದೆ.)

ಕಣಜ ಬಂದದ್ದು ಎಲ್ಲಿಂದ? ಅದನ್ನು ಹೇಳಲು ನಾಚಿಕೆ.

ಮಳೆಗಾಲದಲ್ಲಿ ಎರಚಲು ಬಡಿಯದಿರಲಿ ಎಂದು ಜಗಲಿಗೆ ಪ್ಲಾಸ್ಟಿಕ್ ಕಟ್ಟುತ್ತೇವಲ್ಲ? ದೀಪಾವಳಿ ಕಳೆದ ಮೇಲೆ ಅದನ್ನು ಬಿಚ್ಚಿ, ತೊಳೆದು, ಒಣಗಿಸಿ ಅಟ್ಟಕ್ಕೆ ಹಾಕಬೇಕು. ನಾನು ಸುರುಳಿ ಸುತ್ತಿ ಸೂರಿನಡಿಗೇ ಕಟ್ಟಿಬಿಟ್ಟೆ. ಹೇಗೂ ಜೂನ್‌ನಲ್ಲಿ ಮತ್ತೆ ಇಳಿಸುವುದೇ ತಾನೇ? (ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ? ನಿಜ ಹೇಳಿ.)

ಸುರೇಶ ಫೋನಿನಲ್ಲಿ ಬೊಬ್ಬೆ ಹೊಡೆದಿದ್ದ. "ಅಕ್ಕಾ, ಸುರುಳಿ ಒಳಗೆ ಬೆಚ್ಚಗಿರ್ತದೆ, ಕಣಜ ಗೂಡು ಕಟ್ತಾವೆ. ಚಳಿ ಜೋರಾಗೋದ್ರೊಳಗೆ ಬಿಚ್ಚು. ಕಿಟಕಿ ಸಜ್ಜ, ಮೀಟರ್ ಬೋರ್ಡ್ ಹಿಂದೆ ಒಂದ್ಸಲ ಪೊರಕೆ ಆಡ್ಸು. ಗೋಡೆ ತೂತಿಗೆ ಸಿಮೆಂಟ್ ಮೆತ್ತು."

"ಎಲ್ಲಾ ಆಯ್ತು ಕಣೋ" ಎಂದೆ. ಸೀರಿಯಲ್ ನೋಡುತ್ತಾ ಹೇಳಿದ ಸುಳ್ಳು.

ಶನಿವಾರ ಅವನು ಬಂದದ್ದು ಆ ಪ್ಲಾಸ್ಟಿಕ್ಕಿಗೇ. ವೇಷ ಕಟ್ಟುವ ಚೌಕಿಯ ನೆಲಕ್ಕೆ ಹಾಸಬೇಕಿತ್ತಂತೆ. ಸೂರು ನೋಡಿ ಹುಬ್ಬು ಗಂಟಿಕ್ಕಿದ. "ಇದೆಂತ, ಇಲ್ಲೇ ಇದ್ಯಲ್ಲೇ?"

"ತೊಳೆದು ಮತ್ತೆ ಕಟ್ಟಿದ್ದು ಕಣೋ, ಒಳಗೆಲ್ಲ ಕ್ಲೀನು." ಎರಡನೇ ಸುಳ್ಳು. ಅದನ್ನು ನಂಬಿ ಗಂಟು ಎಳೆದ. ನಾನು ಕಾಫಿ ತರಲು ಒಳಗೆ ಹೋದೆ. ಮುಂದಿನದು ನಿಮಗೆ ಗೊತ್ತು.

ಡಾಕ್ಟರು ಇಂಜೆಕ್ಷನ್ ಕೊಟ್ಟರು. ಗಾಬರಿಯಿಲ್ಲ, ಬಾವು ಇಳಿಯಲು ಎರಡು ದಿನ ಬೇಕು ಎಂದರು. ಆಟ ಇದ್ದದ್ದು ಸಂಜೆಗೆ!

ಚೌಕಿಯಲ್ಲಿ ಭಾಗವತರು ಅವನ ಮುಖವನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು. "ಎಂತ ಮಾರಾಯ ಇದು? ಇದನ್ನ ನೋಡಿ ರಾಜಕುಮಾರ ಮರುಳಾಗ್ತಾನಾ, ಕಾಡು ಬಿಟ್ಟು ಓಡ್ತಾನಾ?"

"ಬಣ್ಣ ದಪ್ಪ ಹಚ್ಚಿದ್ರೆ ಮುಚ್ಚೋಗ್ತದೆ ಭಾಗವತ್ರೇ..." ತಮ್ಮ ಅಂಗಲಾಚಿದ.

ಭಾಗವತರು ಘೋರರೂಪದ ಶೀನಣ್ಣನ ಕಡೆ ತಿರುಗಿದರು. "ಶೀನಾ, ಮೀಸೆ ತೆಗಿ. ನೀನು ಸುಂದರಿ, ಇವ್ನು ಘೋರರೂಪ."

"ಮೀಸೆ ತೆಗೆದ್ರೆ ನನ್ನ ಹೆಂಡ್ತಿ ಮನೆಯೊಳಗೆ ಸೇರ್ಸಲ್ಲ!"

ಮೀಸೆ ಹೋಯಿತು. ನಾನು ಅಲ್ಲೇ ಕುಳಿತು, ಹೊಲಿಗೆ ಬಿಚ್ಚಿ, ರವಿಕೆಯನ್ನು ಶೀನಣ್ಣನ ಹೊಟ್ಟೆಗೆ ಹೊಂದಿಸಿದೆ. ಪಕ್ಕದಲ್ಲಿ ಕುಳಿತಿದ್ದ ತಮ್ಮನಿಗೆ ಮೆಲ್ಲಗೆ ಹೇಳಿದೆ. "ನಾನು ಪ್ಲಾಸ್ಟಿಕ್ ಬಿಚ್ಚೇ ಇರ್ಲಿಲ್ಲ ಕಣೋ."

"ಗೂಡು ತೆಂಗಿನಕಾಯಿಯಷ್ಟು ಇತ್ತು. ಅದನ್ನ ನೀನು ಬೇರೆ ಹೇಳ್ಬೇಕಾ?" ಎಂದ.

ಶೀನಣ್ಣ ಬಳುಕಿದಾಗ ಜನ ಹೊಟ್ಟೆ ಹಿಡಿದು ನಕ್ಕರು. ಆದರೆ ಘೋರರೂಪವಾಗಿ ಸುರೇಶ ಅಬ್ಬರಿಸಿ ನುಗ್ಗಿದನಲ್ಲ! ಒಂದು ಕಣ್ಣು ಮುಚ್ಚಿದೆ, ತುಟಿ ಜೋತಿದೆ. ಮುಂದೆ ಕುಳಿತ ಮಕ್ಕಳು ಅಮ್ಮಂದಿರ ಮಡಿಲಿಗೆ ಹಾರಿದವು. ರಾಜಕುಮಾರನೇ ನಿಜವಾಗಿ ಹಿಂದೆ ಸರಿದ. ಚಪ್ಪಾಳೆ ನಿಲ್ಲಲೇ ಇಲ್ಲ. "ಆಗುಂಬೆ ಆಟಕ್ಕೂ ಘೋರರೂಪ ನಿಂದೇ" ಎಂದರು ಭಾಗವತರು. ನಾನು ಖುಷಿಯಲ್ಲಿ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆಯೇ ಎದ್ದೆ. ಆ ಚಳಿಯಲ್ಲಿ ಕಣಜಗಳು ಮಂಕಾಗಿರುತ್ತವೆ. ರೈನ್‌ಕೋಟ್ ತೊಟ್ಟು, ತಲೆಗೆ ಟವೆಲ್ ಸುತ್ತಿ, ಗೂಡು ಉದುರಿಸಿದೆ. ಸಜ್ಜಕ್ಕೆ ಪೊರಕೆ, ತೂತಿಗೆ ಸಿಮೆಂಟ್, ಪ್ಲಾಸ್ಟಿಕ್ ಅಟ್ಟಕ್ಕೆ. ಅರ್ಧ ದಿನದ ಕೆಲಸವೂ ಅಲ್ಲ. ಇಷ್ಟಕ್ಕೇ ಸೋಮಾರಿತನ ಮಾಡಿದೆನಾ?

ಸುರೇಶ ಒದ್ದೆಬಟ್ಟೆಯನ್ನು ಕಣ್ಣಿಗೊತ್ತಿಕೊಂಡು ಜಗಲಿಯಲ್ಲಿ ಕುಳಿತಿದ್ದ. ಆಮೇಲೆ ಕೇಳಿದ. "ನಿಜ ಹೇಳೇ ಅಕ್ಕ. ನಿನ್ನೆ ಚಪ್ಪಾಳೆ ಬಿದ್ದಿದ್ದು ನನ್ನ ಕುಣಿತಕ್ಕಾ, ಈ ಮುಖಕ್ಕಾ?"

ನೀವೇ ಹೇಳಿ, ಮೂರನೇ ಸುಳ್ಳನ್ನೂ ಹೇಳಿಬಿಡಲೇ?