ಗೋಡೆಯ ಮೇಲಿನ ನಾನೂರ ಹನ್ನೆರಡು

ಕೂಡ್ಲಿಗಿ ತಾಲೂಕಿನ ಮೂಲೆಯಲ್ಲಿರುವ ಆ ಊರಿಗೆ ಬಸ್ಸು ದಿನಕ್ಕೆರಡು ಸಲ ಬರುತ್ತದೆ, ಅದೂ ಮನಸ್ಸಾದರೆ. ಅಲ್ಲಿ ಎಷ್ಟು ಜನ ಇದ್ದಾರೆಂದು ದೊಡ್ಡ ಸಾಹೇಬರಿಗೆ ಗೊತ್ತಿರಲಿಕ್ಕಿಲ್ಲ, ಗೀತಮ್ಮನಿಗೆ ಗೊತ್ತು. ಇಪ್ಪತ್ತು ವರ್ಷದಿಂದ ಅಂಗನವಾಡಿ ಟೀಚರ್ ಆಗಿರುವ ಅವಳು ಪ್ರತಿ ಏಪ್ರಿಲ್‌ನಲ್ಲಿ ಮನೆಮನೆ ಹತ್ತಿಳಿದು ತಲೆ ಎಣಿಸುತ್ತಾಳೆ. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರು, ಯಾರ ಮಗಳು ಹಡಗಲಿಗೆ ಸೊಸೆಯಾಗಿ ಹೋದಳು, ಎಲ್ಲ ನಾಲಗೆಯ ತುದಿಯಲ್ಲಿ. ಪುಸ್ತಕ ತೆಗೆಯುವುದು ತಪಾಸಣೆಗೆ ಮೇಲ್ವಿಚಾರಕಿ ಮೇಡಂ ಬಂದಾಗ, ತೋರಿಕೆಗೆ.

ಗಂಡ ತೀರಿಹೋದ ಮೇಲೆ ಅವಳಿಗೆ ಇದ್ದವನು ಮಗ ಭರತ್ ಒಬ್ಬನೇ. ಅವನ ತಲೆಗೆ ಓದು ಹತ್ತಲಿಲ್ಲ, ಕೈಗೆ ಕುಂಚ ಹತ್ತಿತು. ಕೊಟ್ಟೂರು, ಹರಪನಹಳ್ಳಿಯ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಅಂಗನವಾಡಿಯ ಗೋಡೆಗೆ ಊರಿನ ಜನಸಂಖ್ಯೆ ಬರೆಯುವುದೂ ಅವನದೇ ಕೆಲಸ. ಕೂಲಿ, ಎರಡು ಮಿರ್ಚಿ ಬಜ್ಜಿ.

“ಒಂದರ ತಲಿಗೆ ಅದೆಂಥಾ ಕೊಕ್ಕಿ ಹಾಕ್ತೀಯೋ, ನೆಟ್ಟಗ ಬರಿ” ಎಂದು ಅವ್ವ ಬೈದರೆ, “ಅದು ನನ್ನ ಸಹಿ ಬೇ” ಎಂದು ನಗುತ್ತಿದ್ದ.

ಹೋದ ಏಪ್ರಿಲ್‌ನಲ್ಲಿ ಹಸಿರು ಬಣ್ಣದಲ್ಲಿ 412 ಎಂದು ಬರೆದ. ಆಗಸ್ಟ್‌ನಲ್ಲಿ ಕೊಟ್ಟೂರಿನಿಂದ ಬರುವಾಗ ಬೈಕ್ ಮೋರಿಗೆ ಬಡಿದು ಹೋಗಿಯೇಬಿಟ್ಟ. ಇಪ್ಪತ್ತನಾಲ್ಕು ವರ್ಷದ ಹುಡುಗ! ದೇವರಿಗೆ ಕಣ್ಣಿಲ್ಲ ಎನ್ನದೆ ಇನ್ನೇನು ಹೇಳಲಿ.

ಈ ವರ್ಷ ಊರಲ್ಲಿ ಮೂರು ಮಕ್ಕಳು ಹುಟ್ಟಿದ್ದವು. ಇಬ್ಬರು ಮುದುಕರು ಹೋಗಿದ್ದರು, ಒಬ್ಬಳು ಮದುವೆಯಾಗಿ ಊರು ಬಿಟ್ಟಿದ್ದಳು. ಅದಕ್ಕೆ ಇದು ಸರಿಹೋಯಿತು. ಉಳಿದದ್ದು ಭರತ್ ಒಬ್ಬನ ಲೆಕ್ಕ. ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೀತಮ್ಮ ಹೇಗೋ ಗೆರೆ ಎಳೆದಳು. ಗೋಡೆಯನ್ನು ಮಾತ್ರ ಮುಟ್ಟಲಾಗಲಿಲ್ಲ. ಮಗನ ಕೈಬರಹವೆಂದು ಊರಲ್ಲಿ ಉಳಿದದ್ದು ಅದೊಂದೇ. ಅವನು ಸತ್ತನೆಂದು ಅದನ್ನೇ ಅಳಿಸಬೇಕು. ಮರುದಿನ ಮೇಡಂ ಬರುವವರಿದ್ದರು.

ಬಣ್ಣದ ಡಬ್ಬಿ ಹಿಡಿದು ಗೋಡೆಯ ಮುಂದೆ ನಿಂತವಳನ್ನು ಕಂಡು ಎದುರುಮನೆಯ ಗಾದೆಮ್ಮಜ್ಜಿ ಕೋಲೂರಿಕೊಂಡು ಬಂದಳು.

“ಯವ್ವಾ ಗೀತಾ, ನನಗ ಎಂಬತ್ತು ದಾಟ್ಯಾವ. ಇದ್ರೆಷ್ಟು, ಹೋದ್ರೆಷ್ಟು. ನನ್ನ ಹೆಸರು ತಗದು ಹುಡುಗನ್ನ ಇರಗೊಡು.”

“ನಿನ್ನ ತಗದ್ರೂ ನಾನೂರ ಹನ್ನೊಂದ ಆಗತೈತಿ, ಅಜ್ಜಿ.”

“ಅದೆಂಥಾ ಲೆಕ್ಕನವ್ವ!” ಮುದುಕಿಗೆ ಸಿಟ್ಟೇ ಬಂತು.

ಗೀತಮ್ಮ ಕೊನೆಯ ಅಂಕಿ ಎರಡನ್ನಷ್ಟೇ ಸುಣ್ಣ ಬಳಿದು ಮುಚ್ಚಿದಳು. ಅದು ಒಣಗಿದ ಮೇಲೆ, ನಡುವಿನ ಒಂದನ್ನು ನೋಡಿ ನೋಡಿ ಪಕ್ಕದಲ್ಲಿ ಇನ್ನೊಂದನ್ನು ಎಳೆದಳು. ಕೊಕ್ಕೆ ಸೊಟ್ಟಗಾಯಿತು.

“ಹುಡುಗ ಬರದ ಒಂದು ಯಾವುದವ್ವ ಇದರಾಗ?” ಓದು ಬಾರದ ಅಜ್ಜಿ ಕೇಳಿದಳು.

ಗೀತಮ್ಮ ಅವಳ ಬೆರಳು ಹಿಡಿದು ನಡುವಿನ ಒಂದರ ಮೇಲಿಟ್ಟಳು. ಎಂಟು ತಿಂಗಳು ಯಾರ ಮುಂದೆಯೂ ಅಳದವಳು ಆಗ ಬಾಯಿಬಿಟ್ಟು ಅತ್ತಳು.

“ಊರಾಗ ಇನ್ನೊಂಬತ್ತು ಕೂಸು ಹುಟ್ಟಿದ್ರ ನಾನೂರ ಇಪ್ಪತ್ತ ಆಗತೈತಿ, ಇದನ್ನೂ ಅಳಸಬೇಕು, ಅಜ್ಜಿ. ನಾನ ಅಳಸಬೇಕು.”