ಹಂಪಮ್ಮನ ಗಂಗಾಳ

ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿದ ಮೇಲೆ, ಚಹಾ ಕುಡಿಯುವುದಕ್ಕೂ ಮುಂಚೆ, ಪಂಪಾವತಿ ಸೂಜಿಗೆ ಒಂದು ಎಳೆ ದಾರ ಪೋಣಿಸಿ ಆ ದಾರ ಮುಗಿಯುವ ತನಕ ಕೌದಿ ಹೊಲಿಯುತ್ತಾಳೆ. ಜ್ವರ ಬಂದ ದಿನವೂ ಇದು ತಪ್ಪಿಲ್ಲ, ಮಗಳ ಮದುವೆಯ ದಿನವೂ ತಪ್ಪಿಲ್ಲ. ಹೊಲಿಯುವಾಗ ಯಾರೊಂದಿಗೂ ಮಾತಿಲ್ಲ. ಮನಸ್ಸಿನಲ್ಲೇ ಪಂಪಾಪತಿ ದೇವರ ಹೆಸರು ಹೇಳಿಕೊಳ್ಳುತ್ತಾಳೆ. ದಾರ ಮುಗಿದು, ಗಂಟು ಹಾಕಿ, ಹಲ್ಲಿನಿಂದ ಕಡಿದ ಮೇಲೇ ಒಲೆಯ ಮೇಲೆ ಚಹಾದ ನೀರು.

"ಇವತ್ತೊಂದಿನ ದಾರ ಗಿಡ್ಡ ತಗೋ ಲೇ, ಚಾ ಇಲ್ದ ತಲಿ ಹಿಡದೈತಿ" ಎಂದು ಗಂಡ ತಿಪ್ಪೇಸ್ವಾಮಿ ಚೇಷ್ಟೆ ಮಾಡುತ್ತಾನೆ. ಅಂಥ ದಿನ ಅವಳು ಬೇಕೆಂತಲೇ ಒಂದು ಗೇಣು ಹೆಚ್ಚಿಗೆ ಎಳೆಯುತ್ತಾಳೆ.

ತಿಪ್ಪೇಸ್ವಾಮಿ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಕಟಿಂಗ್ ಮಾಸ್ಟರ್ ಆಗಿದ್ದವನು. ಈಗ ಮನೆಯಲ್ಲಿದ್ದಾನೆ. ಅವನು ಕೆಲಸದಲ್ಲಿದ್ದಷ್ಟು ವರ್ಷವೂ ಕತ್ತರಿಯಿಂದ ಉದುರಿದ ಚೂರುಗಳು ಚೀಲದಲ್ಲಿ ಮನೆಗೆ ಬಂದವು. ಆ ನೀಲಿ ಚೂರುಗಳನ್ನು ಪಂಪಾವತಿ ಬಿಸಿನೀರಿನಲ್ಲಿ ನೆನೆಸಿ, ಬಣ್ಣ ಬಿಡುವುದು ನಿಲ್ಲುವ ತನಕ ಒಗೆದು, ಹಳೆ ಸೀರೆಗಳ ನಡುವೆ ಸೇರಿಸಿ ಕೌದಿ ಮಾಡುತ್ತಾಳೆ. ಒಂದು ಕೌದಿ ಹೊದ್ದರೆ ಯಾರೋ ತಬ್ಬಿ ಮಲಗಿದಷ್ಟು ಭಾರ.

ಪಾರ್ವತಿನಗರದ ಹಿಂದಿನ ಓಣಿಯಲ್ಲಿ ಅವರದು ಎರಡು ಕೋಣೆಯ ಮನೆ. ಆ ಮನೆಯಲ್ಲಿ ಹೊಸದಾಗಿ ಕೊಂಡದ್ದು ಅಂದರೆ ಗ್ಯಾಸ್ ಒಲೆ, ಫ್ಯಾನು, ಟಿವಿ. ಉಳಿದದ್ದೆಲ್ಲ ಗುಜರಿ ಅಂಗಡಿಗಳಿಂದ, ಹಳೆ ಸಾಮಾನು ಮಾರುವವರಿಂದ ಬಂದದ್ದು. ಅಂಚು ಒಡೆದ ಪಿಂಗಾಣಿ ಭರಣಿಗೆ ಬಟ್ಟೆಯ ಟೋಪಿ ಹೊಲಿದು ಉಪ್ಪಿನಕಾಯಿಗೆ ಇಟ್ಟಿದ್ದಾಳೆ. ಕಾಲ ತೀರಿದ ಸೇರು-ಪಾವುಗಳಲ್ಲಿ ಸೌಟು, ಚಮಚ ನಿಂತಿವೆ. ರಾಣಿಯ ಚಿತ್ರವಿರುವ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಸೂಜಿ, ಗುಂಡಿ. ಶಾವಿಗೆ ಒತ್ತುವ ಮರದ ಒರಳಿನ ಮೇಲೆ ರೇಡಿಯೋ. ಆ ರೇಡಿಯೋ ಹಾಡುವುದಿಲ್ಲ, ಆದರೆ ಅದರ ಮೇಲೆ ಧೂಳು ಒಂದು ದಿನವೂ ನಿಂತಿಲ್ಲ.

"ಪಂಪಕ್ಕ, ಸಂಗನಕಲ್ಲಿನ ಗುಡ್ಡದಾಗ ಹಳೇ ಕಾಲದ್ದು ನೋಡಾಕ ಬರೋ ಮಂದಿ ಇನ್ನ ಮ್ಯಾಲೆ ನಿಮ್ಮ ಮನಿಗೇ ಬರ್ತಾರ ನೋಡ್ರಿ" ಎಂದು ಪಕ್ಕದ ಮನೆಯ ಜ್ಯೋತಿ ನಗುತ್ತಾಳೆ.

"ಬರ್ಲಿ ಬಿಡು. ಬಾಗಿಲಾಗ ಕುಂತು ಟಿಕೀಟು ನೀ ಹರಿ."

ಆದರೆ ಇವ್ಯಾವುವೂ ಪಂಪಾವತಿ ಹುಡುಕಿಕೊಂಡು ಹೋದ ವಸ್ತುಗಳಲ್ಲ. ಅವಳು ಹುಡುಕುತ್ತಿದ್ದದ್ದು ಒಂದೇ ಒಂದು: ಅತ್ತೆ ವಿರೂಪಮ್ಮನ ಕಂಚಿನ ಗಂಗಾಳ. ಅದು ಸಿಗಲಿಲ್ಲ ಎಂದು ಬರಿಗೈಲಿ ಬರಲಾರದೆ ಭರಣಿ ತಂದಳು, ಡಬ್ಬಿ ತಂದಳು, ಹಾಡದ ರೇಡಿಯೋ ತಂದಳು. ಹುಡುಕಾಟದ ದಾರಿಯಲ್ಲಿ ಮನೆ ತುಂಬಿತು.

ವಿರೂಪಮ್ಮನ ತವರು ಕುರುಗೋಡು. ಮದುವೆಯಾಗಿ ಸಿರುಗುಪ್ಪದ ಕಡೆಯ ರಾರಾವಿಗೆ ಬರುವಾಗ ಅಣ್ಣ ಒಂದು ಗಂಗಾಳ ಕೊಟ್ಟಿದ್ದ. ದಪ್ಪ ಅಂಚಿನ, ಅಗಲವಾದ ಊಟದ ತಟ್ಟೆ. ಅಂಚಿನ ಸುತ್ತ ಚಾಣದಿಂದ ಚುಕ್ಕೆ ಚುಕ್ಕೆಯಾಗಿ ಊರು, ತಂಗಿಯ ಹೆಸರು, ತನ್ನ ಹೆಸರು ಎಲ್ಲ ಹೊಡೆಸಿದ್ದ. ಮುಂದೆ ಮಗ ತಿಪ್ಪೇಸ್ವಾಮಿಗೆ ಬಳ್ಳಾರಿಯ ಹುಡುಗಿ ಗೊತ್ತಾಯಿತು. ಪೇಟೆಯ ಹುಡುಗಿ ಬಂದು ಕಂಚು, ಮಣ್ಣಿನ ಪಾತ್ರೆ ನೋಡಿ ಮುಖ ಸಣ್ಣದು ಮಾಡಿಕೊಂಡಾಳು ಎಂಬ ಚಿಂತೆ ವಿರೂಪಮ್ಮನಿಗೆ. ಆಗ ಓಣಿ ಓಣಿಗೆ ಸ್ಟೀಲ್ ಪಾತ್ರೆಯವರು ಬುಟ್ಟಿ ಹೊತ್ತು ಬರುತ್ತಿದ್ದರು. ಹಳೆ ಕಂಚು, ಹಿತ್ತಾಳೆ ತೆಗೆದುಕೊಂಡು ಫಳಫಳ ಹೊಳೆಯುವ ಸ್ಟೀಲ್ ಕೊಡುತ್ತಿದ್ದರು. ಆ ಕಾಲದಲ್ಲಿ ಊರಿಗೆ ಊರೇ ಹಾಗೆ ಕೊಟ್ಟಿತು. ವಿರೂಪಮ್ಮನೂ ಗಂಗಾಳ ಕೊಟ್ಟು ಸ್ಟೀಲಿನ ತಟ್ಟೆ, ಲೋಟ ಇಳಿಸಿಕೊಂಡಳು.

ಸೊಸೆ ಬಂದಳು. ಹೊಸ ತಟ್ಟೆಯಲ್ಲಿ ಉಂಡಳು. ವಿರೂಪಮ್ಮ ಗಂಗಾಳದ ಸುದ್ದಿ ಎತ್ತಲೇ ಇಲ್ಲ.

ಇದನ್ನು ಪಂಪಾವತಿಗೆ ಹೇಳಿದ್ದು ತಿಪ್ಪೇಸ್ವಾಮಿ, ಅದೂ ಎಷ್ಟೋ ವರ್ಷಗಳ ಮೇಲೆ, ರೊಟ್ಟಿ ಮುರಿಯುತ್ತ, ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ. ಹಳೆ ಸಾಮಾನಿನ ಅಂಗಡಿ ಕಂಡಲ್ಲಿ ಅವಳು ನಿಲ್ಲುವುದು ಶುರುವಾದದ್ದು ಅಲ್ಲಿಂದ.

ಈಗ ವಿರೂಪಮ್ಮನಿಗೆ ಎರಡೂ ಕಣ್ಣು ಕಾಣುವುದಿಲ್ಲ. ರಾರಾವಿ ಬಿಟ್ಟು ಬಳ್ಳಾರಿಗೆ ಮಗನ ಮನೆಗೆ ಬಂದಿದ್ದಾಳೆ. ನೆನಪು, ನಾಲಿಗೆ ಎರಡೂ ಚುರುಕಾಗಿವೆ. ಊಟ ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತ ಬಂತು. ಡಾಕ್ಟರು ರೋಗವೇನೂ ಇಲ್ಲ ಎಂದರು. ಸ್ಟೀಲ್ ತಟ್ಟೆಯಲ್ಲಿ ಕೈ ಆಡಿಸುತ್ತಿದ್ದಳು, ಎರಡು ತುತ್ತು ತಿನ್ನುತ್ತಿದ್ದಳು, ಸರಿಸಿಬಿಡುತ್ತಿದ್ದಳು.

"ಈ ತಟ್ಟಿ ಮೂಕ ಐತವ್ವ" ಎಂದಳು ಒಂದು ದಿನ. "ಗಂಗಾಳ ಆದ್ರ ಬಳೆ ತಗಲಿದ್ರ ಮಾತಾಡತಿತ್ತು. ಕಣ್ಣಿಲ್ದಾಕಿಗೆ ಅದೊಂದು ಜೊತಿ."

ಅತ್ತೆಯ ರವಿಕೆಯ ತೋಳು ಒಂದೇ ಮಳೆಗಾಲದಲ್ಲಿ ಸಡಿಲಾದವು. ಪಂಪಾವತಿ ಹೊಲಿಗೆ ಹಾಕಿ ಅವನ್ನು ಬಿಗಿ ಮಾಡಿದಳು. ಸ್ವಲ್ಪ ದಿನಕ್ಕೆ ಎರಡನೇ ಸಲವೂ ಬಿಗಿ ಮಾಡಬೇಕಾಯಿತು.

ಆ ತಿಂಗಳೇ ಸಂಬಂಧಿಕರ ಮನೆಯ ತೊಟ್ಟಿಲು ಕಾರ್ಯಕ್ಕೆಂದು ಸಿರುಗುಪ್ಪಕ್ಕೆ ಹೋದವಳು ಊಟ ಮುಗಿದದ್ದೇ ಗಾದೆಪ್ಪನ ಗುಜರಿ ಅಂಗಡಿಗೆ ನಡೆದಳು. ತುಕ್ಕು ಹಿಡಿದ ಪಂಪು, ಸೈಕಲ್ಲಿನ ಚೌಕಟ್ಟುಗಳ ಹಿಂದೆ ಒಂದು ಗೋಣಿಚೀಲ. ಅದರೊಳಗೆ ಕೈ ಹಾಕಿದಾಗ ಬೆರಳಿಗೆ ದಪ್ಪ ಅಂಚು ಸಿಕ್ಕಿತು. ಹೊರಗೆ ತೆಗೆದು, ಅಂಗೈ ಮೇಲೆ ನಿಲ್ಲಿಸಿ, ಗೆಣ್ಣಿನಿಂದ ಬಡಿದಳು. ಹಿತ್ತಾಳೆಯಾದರೆ ಅಲ್ಲೇ ಸುಮ್ಮನಾಗುತ್ತಿತ್ತು. ಇದರ ದನಿ ಹೋಗಿ ಹೋಗಿ, ತೆಳ್ಳಗಾಗಿ, ಕಿವಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಆಮೇಲೆ ಹೋಯಿತು.

ಸೆರಗಿನಿಂದ ಅಂಚು ಉಜ್ಜಿದಳು. ಚುಕ್ಕೆಗಳಲ್ಲಿ ಹೆಸರು ಎದ್ದಿತು. 'ಹಂಪಮ್ಮ'. ಅಷ್ಟೇ. ಊರಿಲ್ಲ, ಕೊಟ್ಟವರ ಹೆಸರಿಲ್ಲ.

"ಯಾರ ಮನ್ಯಾಗಿಂದು ಗಾದೆಪ್ಪಣ್ಣ ಇದು?"

"ನನಗೇನು ಗೊತ್ತು ತಾಯಿ? ಚೀಲದಾಗ ಬಂತು, ಚೀಲದಾಗ ಹೋಗತೈತಿ. ಏನು, ಇನ್ನೂ ನಿಮ್ಮತ್ತೀದೇ ಹುಡುಕಾಕತ್ತೀರೇನು?" ಗಾದೆಪ್ಪ ನಕ್ಕ. "ಅಜ್ಜಿಗೆ ಕಣ್ಣು ಕಾಣಂಗಿಲ್ಲಲ್ಲ? ಇದ ನಿಂದು ಅನ್ರಿ. ಮುಗೀತು."

ಪಂಪಾವತಿ ದುಡ್ಡು ಎಣಿಸಿ ಕೊಟ್ಟಳು. ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಚಿಟಿಕೆ ಅಕ್ಕಿ ಗಂಗಾಳಕ್ಕೆ ಹಾಕಿದಳು. ಯಾವ ಹಳೆ ಪಾತ್ರೆಯನ್ನೂ ಬರಿದಾಗಿ ಮನೆಯೊಳಗೆ ಒಯ್ಯುವುದಿಲ್ಲ. ಅದಕ್ಕೆಂದೇ ಅಕ್ಕಿಯ ಗಂಟು ಅವಳ ಜೊತೆಗಿರುತ್ತದೆ. ಬಸ್ಸಿನಲ್ಲಿ ಕುಳಿತ ಮೇಲೆ ಮಾತ್ರ ಗಾದೆಪ್ಪನ ಮಾತು ಬಿಡದೆ ಕಾಡಿತು.

ಬಳ್ಳಾರಿಯಲ್ಲಿ ಇಳಿದು ನೆಟ್ಟಗೆ ಕೊಟ್ಟೂರಪ್ಪನ ಹತ್ತಿರ ಹೋದಳು. ಪಾತ್ರೆ ಅಂಗಡಿಯ ಮುಂದೆ ಕುಳಿತು, ಕರೆಂಟಿನ ಪೆನ್ನಿನಿಂದ ಪಾತ್ರೆಗಳ ಮೇಲೆ ಹೆಸರು ಬರೆಯುವುದು ಅವನ ಕೆಲಸ. ಈ ಹೆಸರು ತೆಗೆದು ಅತ್ತೆಯ ಹೆಸರು ಹಾಕಿಕೊಡು ಎಂದಳು. ಅವನ ಸುತ್ತ ಮದುವೆಯ ಕೊಡಗಳು ಗುಡ್ಡೆ ಬಿದ್ದಿದ್ದವು.

"ಉಸಿರಾಡಾಕ ಪುರಸೊತ್ತಿಲ್ಲಕ್ಕ. ಹಳೇದು ಉಜ್ಜಿ ತೆಗಿಯೂದು ಅಂದ್ರ ದೊಡ್ಡ ಕೆಲಸ. ಲಗ್ನದ ಸೀಜನ್ ಮುಗೀಲಿ, ಬರ್ರಿ."

ಮನೆಗೆ ಬಂದಾಗ ಸ್ಟೀಲ್ ತಟ್ಟೆಯಲ್ಲಿ ಮಧ್ಯಾಹ್ನದ ಅನ್ನ ಹಾಗೇ ಒಣಗಿತ್ತು. ತಿಪ್ಪೇಸ್ವಾಮಿ ತಟ್ಟೆ ತೋರಿಸಿದ. ಲಗ್ನದ ಸೀಜನ್ ಮುಗಿಯುವ ತನಕ ಕಾಯುವ ಧೈರ್ಯ ಪಂಪಾವತಿಗೆ ಆಗಲಿಲ್ಲ. ಅತ್ತೆಗೆ ಓದಲು ಬರುವುದಿಲ್ಲ; ಚುಕ್ಕೆ ಯಾರ ಹೆಸರಿನವಾದರೇನು ಎಂದುಕೊಂಡಳು. ಹುಣಸೆಹಣ್ಣು ಹಚ್ಚಿ ಗಂಗಾಳ ತಿಕ್ಕಿದಳು. ಬಿಸಿ ನುಚ್ಚು, ಮಜ್ಜಿಗೆ, ಒಂದು ಅಂಚಿಗೆ ಗುರೆಳ್ಳು ಚಟ್ನಿ ಬಡಿಸಿ ಅತ್ತೆಯ ಮುಂದಿಟ್ಟಳು.

"ಅತ್ತೀ, ನಿಮ್ಮ ಗಂಗಾಳ ಸಿಕ್ತು."

ವಿರೂಪಮ್ಮನ ಕೈ ಗಾಳಿಯಲ್ಲಿ ತಡೆಯಿತು. ಆಮೇಲೆ ಮೆಲ್ಲಗೆ ಇಳಿದು ಅಂಚನ್ನು ಮುಟ್ಟಿತು. ಹೆಬ್ಬೆರಳು ಚುಕ್ಕೆಗಳ ಮೇಲೆ ಹೋಯಿತು, ನಿಂತಿತು, ತಿರುಗಿ ಬಂತು. ಬಳೆ ತಗಲಿ ಗಂಗಾಳ ದನಿ ಮಾಡಿತು.

"ಎಲ್ಲಿ ಸಿಕ್ತವ್ವ?"

"ಸಿರುಗುಪ್ಪದಾಗ."

"ಹೌದು ನೋಡು. ನಂದೇ" ಎಂದಳು ವಿರೂಪಮ್ಮ. ಗಂಗಾಳ ಖಾಲಿಯಾಗುವ ತನಕ ಉಂಡಳು.

ಮಾರನೆಯ ದಿನವೂ ಉಂಡಳು. ಅದರ ಮಾರನೆಯ ದಿನ ರೊಟ್ಟಿ ಕೇಳಿದಳು, ಹಾಲಿನಲ್ಲಿ ಮುರಿದು. ತಿಪ್ಪೇಸ್ವಾಮಿ ಹೆಂಡತಿಯ ಕಡೆ ನೋಡಿ, ಅವ್ವನಿಗೆ ಕೇಳದಂತೆ ಕೈ ಮುಗಿದ. ಪಂಪಾವತಿಗೆ ಮಾತ್ರ ಬೆಳಗಿನ ಹೊಲಿಗೆ ಹಿಡಿತಕ್ಕೆ ಬರುತ್ತಿರಲಿಲ್ಲ. ಪಂಪಾಪತಿಯ ಹೆಸರು ಹೇಳುವ ಬಾಯಲ್ಲೇ ಸುಳ್ಳೂ ಹೇಳಿದೆನಲ್ಲ ಎಂದು ನೆನೆದಾಗಲೆಲ್ಲ ದಾರ ಮೇಲಿಂದ ಮೇಲೆ ಗಂಟಾಗುತ್ತಿತ್ತು. ನಿಜ ಹೇಳೋಣವೆಂದರೆ, ಅತ್ತೆ ಮತ್ತೆ ಊಟ ಸರಿಸಿದರೆ?

ಒಂದು ಮಧ್ಯಾಹ್ನ ಅತ್ತೆ ಸೊಸೆ ಬಾಗಿಲಲ್ಲಿ ಕುಳಿತಿದ್ದರು. ಪಂಪಾವತಿಯ ಮಡಿಲಲ್ಲಿ ಕೌದಿ, ವಿರೂಪಮ್ಮನ ಮಡಿಲಲ್ಲಿ ತೊಳೆದ ಗಂಗಾಳ. ಹೆಬ್ಬೆರಳು ಎಂದಿನಂತೆ ಅಂಚಿನ ಮೇಲೆ ಓಡಾಡುತ್ತಿತ್ತು.

"ಪಂಪೀ, ಇದ್ರ ಮ್ಯಾಲ ಇರೋ ಹೆಸರು ಯಾರ್ದವ್ವ?"

ಸೂಜಿ ಬೆರಳಿಗೆ ಚುಚ್ಚಿತು.

"ನಮ್ಮಣ್ಣ ನನ್ನ ಗಂಗಾಳದ ಮ್ಯಾಲ ಊರು, ಕೇರಿ, ಅವನ ಹೆಸರು, ನನ್ನ ಹೆಸರು ಎಲ್ಲಾ ಬರಿಸಿದ್ದ. ಅರ್ಧ ಸುತ್ತು ಬರ್ತಿತ್ತು. ಇದು ಹೆಬ್ಬಟ್ಟು ಇಟ್ಟು ತೆಗಿಯೂದ್ರಾಗ ಮುಗೀತು."

"ಅತ್ತೀ... ಮೊದಲ ದಿನಾನೇ ಗೊತ್ತಾತೇನು?"

"ಮುಟ್ಟಿದ ಕೂಡಲೇ."

"ಮತ್ತ ಯಾಕ ಹೇಳಲಿಲ್ರಿ?"

"ನೀ ಹೇಳಿದಾಗ ನಿನ್ನ ದನಿ ಕೇಳಬೇಕಿತ್ತು. ಸಣ್ಣ ಹುಡುಗಿ ದನಿ ಆಗಿತ್ತು. ಹೆಂಗ ಹೇಳ್ಲಿ?"

ಪಂಪಾವತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನೀವಾರ ಸ್ಟೀಲಿನ ತಟ್ಟಿ ತಗೊಂಡಾಗ ನನಗ ಹೇಳಿದ್ರೇನು?"

ವಿರೂಪಮ್ಮ ಬೆಚ್ಚಿದಳು. "ಅದನ್ನ ಯಾರು ಹೇಳಿದ್ರು ನಿನಗ?"

"ನಿಮ್ಮ ಮಗ."

"ಅವನ ಬಾಯಾಗ ಒಂದು ಮಾತು ನಿಂದ್ರಂಗಿಲ್ಲ, ಬಾಡ್ಕೋ!" ಎಂದು ಒಳಗಿನ ಕೋಣೆಗೆ ಕೇಳುವ ಹಾಗೆ ಬೈದಳು. ಒಳಗೆ ತಿಪ್ಪೇಸ್ವಾಮಿ ಟಿವಿಯ ದನಿ ಹೆಚ್ಚಿಸಿದ. ಇಬ್ಬರೂ ನಕ್ಕರು. ನಗುತ್ತ ನಗುತ್ತ ಪಂಪಾವತಿ ಅತ್ತೆಯ ತೋಳಿಗೆ ಹಣೆ ಹಚ್ಚಿದಳು.

"ಹಂಪಮ್ಮ ಅಂತ ಬರದೈತಿ ಅತ್ತಿ. ಯಾವೂರಾಕಿ ಅಂತ ಇಲ್ಲ."

"ಪಾಪ. ಆಕಿನೂ ಸೊಸಿ ಬರ್ತಾಳಂತ ಕೊಟ್ಟಿರಬೇಕು ನೋಡು."

ರಾತ್ರಿ ಬಡಿಸುವ ಹೊತ್ತಿಗೆ ಪಂಪಾವತಿ ಗಂಗಾಳ ಎತ್ತಿಕೊಂಡು ಮತ್ತೆ ಕೆಳಗಿಟ್ಟಳು. ಸತ್ಯ ಹೊರಬಿದ್ದ ಮೇಲೆ ಪರರ ಗಂಗಾಳ ಇಡುವುದು ಹೇಗೆ? ಸ್ಟೀಲ್ ತಟ್ಟೆಗೇ ಬಡಿಸಿ ತಂದಳು. ವಿರೂಪಮ್ಮ ಬೆರಳು ತಗಲಿಸಿ ಕೈ ಹಿಂದಕ್ಕೆ ತೆಗೆದಳು.

"ಗಂಗಾಳ ಎಲ್ಲೈತಿ?"

"ಅದು ನಿಮ್ದಲ್ಲಲ್ಲ ಅತ್ತಿ..."

"ನಂದಲ್ಲ ಅಂದ್ರೇನಾತು, ಹಂಪಮ್ಮಂದು. ತಗೊಂಡು ಬಾ."

ಪಂಪಾವತಿ ಅನ್ನವನ್ನು ಗಂಗಾಳಕ್ಕೆ ಬಗ್ಗಿಸಿ ತಂದಿಟ್ಟಳು. ವಿರೂಪಮ್ಮ ಹೆಬ್ಬೆರಳನ್ನು ಹೆಸರಿನ ಮೇಲೆ ಇಟ್ಟಳು. "ಹಂಪವ್ವ, ನಿನ್ನ ಗಂಗಾಳದಾಗ ಉಣ್ತೀನವ್ವ" ಎಂದಳು, ಬಾಗಿಲಲ್ಲಿ ನಿಂತವರಿಗೆ ಹೇಳಿದ ಹಾಗೆ. ಆಮೇಲೆ ಉಂಡಳು.

ಅಲ್ಲಿಂದ ಅದು ದಿನದ ಪದ್ಧತಿಯಾಯಿತು. ತುತ್ತು ಎತ್ತುವ ಮೊದಲು ಹಂಪಮ್ಮನನ್ನು ಮಾತಾಡಿಸದೆ ವಿರೂಪಮ್ಮ ಉಣ್ಣುವುದಿಲ್ಲ. "ಇವತ್ತು ನಮ್ಮ ಪಂಪಿ ಉಪ್ಪು ಮರತಾಳ ನೋಡವ್ವ" ಎಂದು ಚಾಡಿ ಹೇಳುತ್ತಾಳೆ. ಹಂಪಮ್ಮನಿಗೆ ಎಷ್ಟು ಮಕ್ಕಳಿದ್ದಿರಬಹುದು, ಸೊಸೆ ಹೇಗೋ ಎಂದು ತಾನೇ ಕೇಳಿ ತಾನೇ ಉತ್ತರ ಹುಡುಕುತ್ತಾಳೆ. ಪಂಪಾವತಿಯೂ ಬೆಳಿಗ್ಗೆ ಕೌದಿ ಹೊಲಿಯುವಾಗ, ದಾರದ ಕೊನೆಯ ಹೊಲಿಗೆಯಲ್ಲಿ, ಗೊತ್ತಿಲ್ಲದ ಆ ಹೆಂಗಸನ್ನು ನೆನೆದು ಗಂಟು ಹಾಕುತ್ತಾಳೆ. ಅತ್ತೆಯ ರವಿಕೆಯ ತೋಳಿನ ಹೊಲಿಗೆಯನ್ನು ಮೊನ್ನೆ ಬಿಚ್ಚಿ ಸಡಿಲ ಮಾಡಿದಳು.

ಲಗ್ನದ ಸೀಜನ್ ಮುಗಿದ ಮೇಲೆ ಒಂದು ಸಂಜೆ, ಕಾಯಿಪಲ್ಯದ ಚೀಲ ಹಿಡಿದು ಪಾತ್ರೆ ಅಂಗಡಿಯ ಮುಂದೆ ಹೋಗುತ್ತಿದ್ದಾಗ ಕೊಟ್ಟೂರಪ್ಪ ಕೂಗಿ ಕರೆದ.

"ಅಕ್ಕಾ, ನಿಲ್ರಿ! ಅವತ್ತು ನಿಮ್ಮನ್ನ ಹಂಗ ಕಳಿಸಿದ್ದು ಮನಸಿಗೆ ಕಸಿವಿಸಿ ಆಗೇತಿ. ಆ ಗಂಗಾಳ ನಾಳೆ ತರ್ರಿ. ಹಳೇ ಹೆಸರು ಗೊತ್ತಾಗದಂಗ ಉಜ್ಜಿ, ಅಜ್ಜಿ ಹೆಸರು ಹಾಕಿಕೊಡ್ತೀನಿ. ಪೆನ್ನಿನಾಗಲ್ಲ, ನಮ್ಮಪ್ಪನ ಚಾಣ ಐತಿ, ಅದ್ರಾಗ ಚುಕ್ಕಿ ಚುಕ್ಕಿ ಹೊಡೀತೀನಿ. ಒಂದು ಪೈಸೆ ಕೊಡೂದು ಬ್ಯಾಡ."

ಅವನು ಮನಸಾರೆ ಹೇಳಿದ್ದ. ಪಂಪಾವತಿ ಚೀಲ ಕೆಳಗಿಟ್ಟು ಅವನಿಗೆ ಕೈ ಮುಗಿದಳು.

"ನೀನು ಕೇಳಿದ್ಯಲ್ಲಪ್ಪ, ಅಷ್ಟ ಸಾಕು. ಆದ್ರ ಹೆಸರು ತೆಗಿಸೂದು ಬ್ಯಾಡ. ಹಂಪಮ್ಮನ್ನ ಕಳಿಸಿಬಿಟ್ರ ನಮ್ಮತ್ತಿ ಉಣ್ಣಾಕ ಒಬ್ಬಾಕೇ ಕುಂದ್ರಬೇಕಾಕ್ಕೈತಿ."